ಫೋಟೋ ತೋರಿಸೋ ಮೊದ್ಲು ನಿಮ್ಮ ಕೂದಲ ಕಥೆ ಹೇಳಿ

(1/6)
"ಕೂದಲಿದ್ದೋಳು ಹೆಂಗೆ ತುರುಬು ಕಟ್ಟಿದ್ರೂ ಚಂದ" ಅಂತ ಗಾದೆ ಇದೆ ಅಲ್ವಾ? ನಮ್ಮ ಕ್ಯಾಂಪಸ್‌ನಲ್ಲಿ ಅದು ಸದ್ದಿಲ್ಲದೆ ಬದಲಾಗಿದೆ. ಈಗ ಕೂದಲು ನೆಟ್ಟಗಿದ್ದೋಳೇ ಚಂದ. ಎಥ್ನಿಕ್ ಡೇ ಹತ್ರ ಬಂದ್ರೆ ಸ್ಮೂತ್ನಿಂಗ್, ಪ್ಲೇಸ್‌ಮೆಂಟ್ ಹತ್ರ ಬಂದ್ರೆ ಕೆರಾಟಿನ್, ಅಕ್ಕನ ಮದುವೆ ಅಂದ್ರೆ ಜೊತೆಗೆ ಹೈಲೈಟ್ಸ್. ಹುಡುಗರೂ ಏನ್ ಕಮ್ಮಿ ಇಲ್ಲ, ಲಾಸ್ಟ್ ಬೆಂಚ್‌ನಲ್ಲಿ ನಾಲ್ಕು ಜನ ಬ್ಲೀಚ್ ಮಾಡಿಸ್ಕೊಂಡು ಕೂತಿದ್ದಾರೆ.

ಸಲೂನ್‌ಗೆ ಹೋಗ್ಬೇಡಿ ಅಂತ ಹೇಳೋಕೆ ಇದನ್ನ ಬರೀತಿಲ್ಲ. ಹೋಗಿ ಅಂತಾನೇ ಹೇಳ್ತೀನಿ. ನನ್ನ ತಕರಾರು ಇರೋದು ನಾವು ಹೋಗೋ ರೀತಿ ಬಗ್ಗೆ. ಯಾರದೋ ರೀಲ್‌ನ ಸ್ಕ್ರೀನ್‌ಶಾಟ್ ತೋರಿಸಿ "ಸೇಮ್ ಹಿಂಗೇ ಬೇಕು" ಅಂತೀವಿ. ಅವರು "ಆಯ್ತು, ಕೂತ್ಕೊಳ್ಳಿ" ಅಂತಾರೆ. ನಮ್ಮ ತಲೆ ಮೇಲಿರೋ ಕೂದಲ ಬಗ್ಗೆ ಇಬ್ಬರೂ ಒಂದು ಮಾತೂ ಆಡಿರಲ್ಲ. ಅಲ್ಲೇ ಎಡವಟ್ಟಾಗೋದು.

ನನ್ನ ಪ್ರಕಾರ ಒಳ್ಳೇ ಸ್ಟೈಲಿಸ್ಟ್ ಯಾರು ಗೊತ್ತಾ? ಮೊದಲು ಹತ್ತು ಪ್ರಶ್ನೆ ಕೇಳೋರು, ಬೇಕಾದ್ರೆ "ಇದು ನಿಮಗೆ ಬೇಡ" ಅಂತ ಮುಖಕ್ಕೇ ಹೇಳೋರು. ಯಾಕೆ ಅಂತ ಮುಂದೆ ಓದಿ.

(2/6)
ಕಣ್ಣಿಗೆ ಕಾಣೋ ಕೂದಲಿಗೆ ಜೀವ ಇಲ್ಲ. ಜೀವ ಇರೋದು ಚರ್ಮದ ಒಳಗಿರೋ ಬುಡದಲ್ಲಿ. ಕೈಗೆ ಗಾಯ ಆದ್ರೆ ತಾನಾಗೇ ಮಾಯುತ್ತೆ, ಸುಟ್ಟ ಕೂದಲು ಮಾಯಲ್ಲ. ಸೀಳಿದ ತುದಿಯನ್ನ ಯಾವ ಸೀರಮ್ಮೂ ಶಾಶ್ವತವಾಗಿ ಅಂಟಿಸಲ್ಲ, ಕತ್ತರಿಯೇ ಗತಿ. ಹಾಗಂತ ಟ್ರಿಮ್ ಮಾಡಿಸಿದ್ರೆ ಬೇಗ ಬೆಳೆಯುತ್ತೆ ಅನ್ನೋದೂ ನಿಜ ಅಲ್ಲ. ತುದಿ ಕತ್ತರಿಸಿದ್ದು ಬುಡಕ್ಕೆ ಗೊತ್ತೇ ಆಗಲ್ಲ.

ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತೆ. ಅಂದ್ರೆ ಸೊಂಟದವರೆಗೆ ಜಡೆ ಇರೋರು ಲೆಕ್ಕ ಹಾಕಿ. ಆ ತುದಿಗೆ ಐದಾರು ವರ್ಷ ವಯಸ್ಸು, ನೀವು ಹೈಸ್ಕೂಲ್‌ನಲ್ಲಿದ್ದಾಗ ಹುಟ್ಟಿದ ಕೂದಲು ಅದು! ಅವತ್ತಿನಿಂದ ತಾಗಿದ ಬಿಸಿಲು, ಹಾಸ್ಟೆಲ್‌ನ ಬೋರ್‌ವೆಲ್ ಗಡಸು ನೀರು, ಪಿಯುಸಿ ಮುಗಿದ ಖುಷಿಗೆ ಹಾಕಿದ ಕಲರ್, ದಿನಾ ಹಾಕೋ ಸ್ಟ್ರೇಟ್ನರ್ ಎಲ್ಲಾ ಅದರಲ್ಲಿ ಲೆಡ್ಜರ್ ಥರ ದಾಖಲಾಗಿದೆ. ಹಿಂದಿನ ಬ್ಯಾಲೆನ್ಸ್ ನೋಡದೆ ಹೊಸ ಎಂಟ್ರಿ ಹಾಕೋಕಾಗುತ್ತಾ? ಕಾಮರ್ಸ್‌ನವರೇ, ನೀವೇ ಹೇಳಿ.

ರೀಬಾಂಡಿಂಗ್‌ನಲ್ಲಿ ಆಗೋದು ಇಷ್ಟು. ಒಂದು ಕೆಮಿಕಲ್ ಹಾಕಿ ಕೂದಲ ಒಳಗಿನ ಬಂಧಗಳನ್ನ ಒಡೀತಾರೆ, ಐರನ್‌ನಿಂದ ನೆಟ್ಟಗೆ ಮಾಡ್ತಾರೆ, ಇನ್ನೊಂದು ಕೆಮಿಕಲ್ ಹಾಕಿ ಅದೇ ಆಕಾರದಲ್ಲಿ ಮತ್ತೆ ಜೋಡಿಸ್ತಾರೆ. ಗಟ್ಟಿ ಕೂದಲು ಇದನ್ನ ತಡ್ಕೊಳ್ಳುತ್ತೆ. ಬ್ಲೀಚ್ ಆಗಿ ಮೊದಲೇ ಸೊರಗಿರೋ ಕೂದಲು ತುಂಡಾಗಿ ಬಾಚಣಿಗೆಗೆ ಬರುತ್ತೆ. ನಿಮ್ಮದು ಯಾವ ಥರದ್ದು ಅಂತ ಸ್ಕ್ರೀನ್‌ಶಾಟ್ ನೋಡಿದ್ರೆ ಗೊತ್ತಾಗಲ್ಲ. ಕೂದಲು ಮುಟ್ಟಿ ನೋಡ್ಬೇಕು, ಒದ್ದೆ ಮಾಡಿ ಎಳೆದು ನೋಡ್ಬೇಕು, ನಿಮ್ಮನ್ನ ಕೇಳ್ಬೇಕು.

(3/6)
ಹಾಗಾಗಿ ನಾವೂ ಬಾಯಿ ಬಿಡ್ಬೇಕು. ಏನೇನು ಹೇಳ್ಬೇಕು? ಕಳೆದ ಎರಡು ಮೂರು ವರ್ಷದಲ್ಲಿ ಹಾಕಿದ ಕಲರ್, ಬ್ಲೀಚ್, ಸ್ಮೂತ್ನಿಂಗ್. ಮನೇಲಿ ಹಚ್ಚಿದ ಮೆಹಂದಿ. "ಮೆಹಂದಿ ತಾನೆ, ನ್ಯಾಚುರಲ್" ಅಂತ ಮುಚ್ಚಿಡ್ಬೇಡಿ. ಕೆಲವು ಪ್ಯಾಕೆಟ್ ಮೆಹಂದಿಗಳಲ್ಲಿ ಲೋಹದ ಲವಣಗಳು ಸೇರಿರುತ್ತವೆ. ಅದರ ಮೇಲೆ ಬ್ಲೀಚ್ ಬಿದ್ರೆ ಕೂದಲು ಬಿಸಿಯಾಗಿ ಹಾಳಾಗಬಹುದು. ಅದಕ್ಕೇ ತಿಳಿದೋರು ಮೊದಲು ಒಂದೆರಡು ಎಳೆ ಮೇಲೆ ಟ್ರೈ ಮಾಡಿ ನೋಡ್ತಾರೆ.

ಕಪ್ಪು ಡೈ ಹಾಕಿಸೋರು ಪ್ಯಾಚ್ ಟೆಸ್ಟ್ ಕೇಳಿ. ಬಹಳಷ್ಟು ಡೈಗಳಲ್ಲಿರೋ ಪಿಪಿಡಿ ಅನ್ನೋ ರಾಸಾಯನಿಕ ಕೆಲವರಿಗೆ ಜೋರು ಅಲರ್ಜಿ ತರುತ್ತೆ, ಮುಖ ಊದ್ಕೊಳ್ಳುತ್ತೆ. ಕಿವಿ ಹಿಂದೆ ಸ್ವಲ್ಪ ಹಚ್ಚಿ 48 ಗಂಟೆ ಕಾದ್ರೆ ಬಹುತೇಕ ಗೊತ್ತಾಗುತ್ತೆ. "ಟೈಮ್ ಇಲ್ಲಮ್ಮ, ಏನೂ ಆಗಲ್ಲ" ಅಂದ್ರೆ ಎದ್ದು ಬನ್ನಿ. ನಾಚ್ಕೊಳ್ಬೇಡಿ.

ನಿಮ್ಮ ದಿನಚರಿಯನ್ನೂ ಹೇಳಿ. ಬೆಳಿಗ್ಗೆ ಏಳಕ್ಕೆ ಬಸ್ ಹಿಡಿಯೋಳಿಗೆ ದಿನಾ ಅರ್ಧ ಗಂಟೆ ಸ್ಟೈಲ್ ಮಾಡ್ಬೇಕಾದ ಕಟ್ ಕೊಟ್ರೆ ಏನು ಪ್ರಯೋಜನ? ವಾರಕ್ಕೆ ಎಷ್ಟು ಸಲ ತಲೆಗೆ ಸ್ನಾನ, ಶೀಗೆಕಾಯಾ ಶಾಂಪೂನಾ, ಎಣ್ಣೆ ಹಚ್ತೀರಾ, ಹೆಲ್ಮೆಟ್ ಹಾಕ್ತೀರಾ, ಎಲ್ಲಾ ಲೆಕ್ಕಕ್ಕೆ ಬರುತ್ತೆ.

(4/6)
"ಬೇಡ" ಅನ್ನೋ ಮಾತಿನ ಬೆಲೆ ನಾನು ಕಂಡಿದ್ದು ನಮ್ಮ ಕ್ಲಾಸ್‌ನ ಒಬ್ಬಳ ವಿಷಯದಲ್ಲಿ. ಕೂದಲು ತೆಳ್ಳಗಾಗ್ತಿದೆ, ಸ್ಮೂತ್ನಿಂಗ್ ಮಾಡಿಸಿದ್ರೆ ತುಂಬಿದ ಹಾಗೆ ಕಾಣುತ್ತೆ ಅಂತ ದುಡ್ಡು ಕೂಡಿಟ್ಟು ಹೋಗಿದ್ಲು. ಪಾರ್ಲರ್‌ನ ಅಕ್ಕ ಬುಡ ಬಿಡಿಸಿ ನೋಡಿ, "ಈಚೆಗೆ ಜ್ವರ ಬಂದಿತ್ತಾ?" ಅಂದ್ರಂತೆ. ಮೂರು ತಿಂಗಳ ಹಿಂದೆ ಡೆಂಗ್ಯೂ ಆಗಿತ್ತು. "ಈಗ ಕೆಮಿಕಲ್ ಬೇಡ ಪುಟ್ಟಿ, ಚರ್ಮದ ಡಾಕ್ಟರ್ ಹತ್ರ ಹೋಗು" ಅಂತ ಬರೀ ತುದಿ ಕತ್ತರಿಸಿ ಕಳಿಸಿದ್ರು. ಬ್ಲಡ್ ಟೆಸ್ಟ್‌ನಲ್ಲಿ ಹಿಮೋಗ್ಲೋಬಿನ್ ಕಮ್ಮಿ ಬಂತು. ಆ ಅಕ್ಕ ಅವತ್ತು ಸಾವಿರಾರು ರೂಪಾಯಿ ಬಿಲ್ ಬಿಟ್ಟುಕೊಟ್ರು. ಇವತ್ತು ನಮ್ಮ ಹಾಸ್ಟೆಲ್‌ನ ಅರ್ಧ ಜನ ಅವರ ಹತ್ರಾನೇ ಹೋಗ್ತಾರೆ. ಗುಡ್‌ವಿಲ್ ಅಂದ್ರೆ ಇದೇ ಅಲ್ವಾ?

ಜೋರು ಜ್ವರ ಬಂದ ಎರಡು ಮೂರು ತಿಂಗಳಿಗೆ ಕೂದಲು ಉದುರೋದು ಸಾಮಾನ್ಯ, ಹೆಚ್ಚಿನವರಿಗೆ ಮತ್ತೆ ಬರುತ್ತೆ. ದಿನಕ್ಕೆ 50ರಿಂದ 100 ಕೂದಲು ಉದುರೋದಂತೂ ಎಲ್ಲರಿಗೂ ಇದ್ದದ್ದೇ. ಆದ್ರೆ ದುಂಡಗೆ ಬೋಳಾದ್ರೆ, ಇದ್ದಕ್ಕಿದ್ದ ಹಾಗೆ ಗೊಂಚಲು ಗೊಂಚಲು ಬಂದ್ರೆ ಅದು ಸಲೂನ್ ಕೆಲಸ ಅಲ್ಲ, ಡಾಕ್ಟರ್ ಕೆಲಸ. ಈ ಗೆರೆ ಗೊತ್ತಿರೋರೇ ನಿಜವಾದ ಪ್ರೊಫೆಷನಲ್.

ಇನ್ನೊಂದು ವಿಷಯ, ಹೊಗೆ. ಕೆಲವು ಕೆರಾಟಿನ್ ಟ್ರೀಟ್‌ಮೆಂಟ್‌ಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತೆ, ಇಲ್ಲಾ ಐರನ್ ಬಿಸಿ ತಾಗಿದಾಗ ಅದನ್ನ ಬಿಡೋ ವಸ್ತು ಇರುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನ ಮನುಷ್ಯರಲ್ಲಿ ಕ್ಯಾನ್ಸರ್ ತರೋ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅದಿಲ್ಲ ಅಂತ ಮಾರೋ ಕೆಲವದರಲ್ಲಿ ಗ್ಲೈಆಕ್ಸಿಲಿಕ್ ಆಸಿಡ್ ಇರುತ್ತೆ. ಅಂಥ ಕ್ರೀಮ್ ಹಾಕಿಸ್ಕೊಂಡ ಒಬ್ಬ ಯುವತಿಗೆ ಮೂರು ಸಲವೂ ಕಿಡ್ನಿಗೆ ಪೆಟ್ಟಾಗಿದ್ದನ್ನ 2024ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ವರದಿ ಮಾಡಿದೆ. ಎಲ್ಲರಿಗೂ ಹಿಂಗಾಗುತ್ತೆ ಅಂತಲ್ಲ. ಆದ್ರೆ ಬಾಟ್ಲಿ ತೋರಿಸಿ ಅಂತ ಕೇಳೋ ಹಕ್ಕು ನಮಗಿದೆ. ಕಿಟಕಿ ತೆಗೀರಿ ಅಂತಾನೂ ಹೇಳಿ. ನಾವು ವರ್ಷಕ್ಕೊಂದು ಸಲ ಆ ಹೊಗೆ ಕುಡೀತೀವಿ, ಅಲ್ಲಿ ಕೆಲಸ ಮಾಡೋ ಹುಡುಗಿಯರು ದಿನಾ ಕುಡೀತಾರೆ.

(5/6)
ಈಗ ದುಡ್ಡಿನ ಮಾತು. ಸ್ಮೂತ್ನಿಂಗ್‌ಗೆ ₹5,000 ಅಂತ ಇಟ್ಕೊಳ್ಳಿ. ಆರು ತಿಂಗಳಿಗೆ ಬುಡದಲ್ಲಿ 6 ಸೆಂಟಿಮೀಟರ್‌ನಷ್ಟು ನಿಮ್ಮ ಸಹಜ ಗುಂಗುರು ಬಂದಿರುತ್ತೆ. ಮೇಲೆ ಗುಂಗುರು, ಕೆಳಗೆ ನೆಟ್ಟಗೆ. ನೋಡೋಕಾಗಲ್ಲ ಅಂತ ಮತ್ತೆ ಟಚ್‌ಅಪ್. ಅಂದ್ರೆ ಇದು ಒಂದು ಸಲದ ಖರ್ಚಲ್ಲ, ರಿಕರಿಂಗ್ ಎಕ್ಸ್‌ಪೆನ್ಸ್. ಅದೇ, ನಿಮ್ಮ ಕೂದಲು ಬಲ್ಲ ಒಬ್ಬರ ಹತ್ರ ಮೂರು ತಿಂಗಳಿಗೊಮ್ಮೆ ₹400ರ ಕಟ್ ಅಂದ್ರೂ ವರ್ಷಕ್ಕೆ ₹1,600. ಜೊತೆಗೆ ಸಲಹೆ ಫ್ರೀ.

ಬಿಲ್ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಸಲೂನ್ ಸೇವೆಗಳ ಜಿಎಸ್‌ಟಿ 18%ರಿಂದ 5%ಕ್ಕೆ ಇಳಿದಿದೆ. ಹಳೇ ದರ ಹಾಕಿದ್ರೆ ಪ್ರಶ್ನೆ ಮಾಡಿ. ಜಿಎಸ್‌ಟಿ ನಂಬರೇ ಇಲ್ಲದ ಅಂಗಡಿ ಜಿಎಸ್‌ಟಿ ವಸೂಲಿ ಮಾಡೋ ಹಾಗೇ ಇಲ್ಲ.

ಬಿಲ್ ಯಾಕೆ ಮುಖ್ಯ? 2018ರಲ್ಲಿ ದೆಹಲಿಯ ಒಂದು ಹೋಟೆಲ್ ಸಲೂನ್‌ನಲ್ಲಿ ಹೇಳಿದ್ದಕ್ಕಿಂತ ತೀರಾ ಗಿಡ್ಡ ಕತ್ತರಿಸಿದ್ರು ಅಂತ ಒಬ್ಬ ಮಾಡೆಲ್ ದೂರು ಕೊಟ್ಟರು. 2021ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ 2 ಕೋಟಿ ಪರಿಹಾರ ಕೊಡಿ ಅಂತು. 2023ರಲ್ಲಿ ಸುಪ್ರೀಂ ಕೋರ್ಟ್, ಅಷ್ಟು ಮೊತ್ತಕ್ಕೆ ಸಾಕ್ಷ್ಯ ಎಲ್ಲಿ ಅಂತ ಆ ಮೊತ್ತವನ್ನ ರದ್ದು ಮಾಡಿ ಕೇಸ್ ವಾಪಸ್ ಕಳಿಸ್ತು. ಬಾಯಿಮಾತು ನಿಲ್ಲಲ್ಲ, ಕಾಗದ ನಿಲ್ಲುತ್ತೆ. ಬಿಲ್, ಮುಂಚಿನ ಫೋಟೋ, ನಂತರದ ಫೋಟೋ ಇಟ್ಕೊಳ್ಳಿ. ಗ್ರಾಹಕ ಸಹಾಯವಾಣಿ ನಂಬರ್ 1915.

(6/6)
"ಇದೆಲ್ಲಾ ದೊಡ್ಡ ಸಿಟಿಯ ಎಸಿ ಸಲೂನ್‌ಗೆ ಹೋಗೋರ ಮಾತು" ಅಂತ ಕೆಲವರು ಹೇಳ್ತೀರ. ಅಲ್ಲ ರೀ. ಪ್ರಶ್ನೆ ಕೇಳೋಕೆ ಎಸಿ ಬೇಕಾಗಿಲ್ಲ. ಮೇಲೆ ಹೇಳಿದ ಅಕ್ಕನ ಪಾರ್ಲರ್‌ನಲ್ಲಿರೋದು ಎರಡೇ ಕುರ್ಚಿ. ಎಷ್ಟೋ ಊರಲ್ಲಿ ಹುಡುಗರ ಸುಳಿ ಯಾವ ಕಡೆ ಇದೆ ಅಂತ ಕಣ್ಣುಮುಚ್ಚಿ ಹೇಳೋ ಕಟಿಂಗ್ ಶಾಪ್ ಅಣ್ಣಂದಿರಿದ್ದಾರೆ. ಕುಶಲತೆ ಬೋರ್ಡ್‌ನಲ್ಲಿಲ್ಲ, ಕೈಯಲ್ಲಿದೆ, ಕಿವಿಯಲ್ಲೂ ಇದೆ.

"ಇಂಟರ್‌ವ್ಯೂಗೆ ಗುಂಗುರು ಕೂದಲು ನೀಟಾಗಿ ಕಾಣಲ್ಲ" ಅಂತಾನೂ ಹೇಳ್ತೀರ. ಇದೇ ನನಗೆ ಜಾಸ್ತಿ ಬೇಜಾರು. ಗುಂಗುರು ರೋಗ ಅಲ್ಲ, ಟ್ರೀಟ್‌ಮೆಂಟ್ ಕೊಡೋಕೆ. ಸುರುಳಿ ನೋಡಿ ಕತ್ತರಿಸೋಕೆ ಬರೋರ ಕೈಲಿ ಕಟ್ ಮಾಡಿಸಿ, ಒದ್ದೆ ಇದ್ದಾಗಲೇ ಅಗಲ ಹಲ್ಲಿನ ಬಾಚಣಿಗೆಯಲ್ಲಿ ಬಿಡಿಸಿ, ಟವೆಲ್‌ನಲ್ಲಿ ಉಜ್ಜೋದು ಬಿಟ್ಟು ಹಳೇ ಕಾಟನ್ ಬಟ್ಟೆಯಲ್ಲಿ ಒತ್ತಿ ನೀರು ತೆಗೀರಿ. ನೀಟಾಗೇ ಕಾಣುತ್ತೆ. ಯಾವನಾದ್ರೂ ಎಚ್‌ಆರ್ ಅದನ್ನ ನೋಡಿ ಮಾರ್ಕ್ಸ್ ಕಟ್ ಮಾಡಿದ್ರೆ ತೊಂದರೆ ಇರೋದು ನಿಮ್ಮ ತಲೆಯಲ್ಲಲ್ಲ.

ನೆಟ್ಟಗಿನ ಕೂದಲು ನಿಮಗೇ ಇಷ್ಟನಾ? ಎಲ್ಲಾ ಕೇಳಿ, ತಿಳ್ಕೊಂಡು, ಖುಷಿಯಾಗಿ ಮಾಡಿಸಿ. ತಲೆ ನಿಮ್ಮದು, ದುಡ್ಡು ನಿಮ್ಮದು. ಭಯಕ್ಕೆ ಮಾತ್ರ ಮಾಡಿಸ್ಬೇಡಿ.

ಮುಂದಿನ ಸಲ ಕುರ್ಚಿ ಮೇಲೆ ಕೂತಾಗ ಮೊಬೈಲ್ ತೆಗೆಯೋ ಮೊದಲು ಒಂದು ಪ್ರಶ್ನೆ ಕೇಳಿ: "ನನ್ನ ಕೂದಲು ನೋಡಿದ್ರೆ ನಿಮಗೆ ಏನನ್ಸುತ್ತೆ?" ಅವರು ಕೈ ಹಾಕಿ, ನೋಡಿ, ಯೋಚ್ನೆ ಮಾಡಿ ಉತ್ತರ ಕೊಟ್ರೆ ಅವರನ್ನ ಬಿಡ್ಬೇಡಿ. ರೇಟ್ ಕಾರ್ಡ್ ಕೈಗೆ ಕೊಟ್ರೆ ಥ್ಯಾಂಕ್ಸ್ ಹೇಳಿ ಎದ್ದು ಬನ್ನಿ.

ಸೇವ್ ಮಾಡ್ಕೊಳ್ಳಿ, ಮುಂದಿನ ವಾರ ಸ್ಮೂತ್ನಿಂಗ್ ಬುಕ್ ಮಾಡಿರೋ ಫ್ರೆಂಡ್‌ಗೆ ಇವತ್ತೇ ಕಳಿಸಿ.

#ಕೂದಲಕಥೆ #ಬಿಕಾಂಹುಡುಗಿ #ಕೇಳಿನೋಡಿ