ಟಕಟಕ ಸದ್ದು ಬೇಕು, ಕನ್ನಡ ಬೇಡ!

ಐಬಿಎಂ 1981ರಲ್ಲಿ ಪಿಸಿ ಜೊತೆ ಕೊಟ್ಟ 'ಮಾಡೆಲ್ ಎಫ್' ಕೀಬೋರ್ಡನ್ನು ಅಮೆರಿಕದ ಹವ್ಯಾಸಿಯೊಬ್ಬರು ಹೊಸದಾಗಿ ಮಾಡಿಸಿ ಮಾರ್ತಾರೆ. ಒತ್ತಿದ್ರೆ ಒಳಗಿನ ಸ್ಪ್ರಿಂಗ್ ಬಾಗಿ ಟಕ್ ಅನ್ನುತ್ತೆ. ನನಗೂ ಆಸೆಯೇ...

ಆದ್ರೆ ನಮ್ಮ ಬೆಂಗಳೂರಿನ ಕೀಬೋರ್ಡ್ ಹುಚ್ಚರನ್ನ ನೋಡಿ. ಓದೋಕೆ ಬಾರದ ಜಪಾನಿ ಅಕ್ಷರದ ಕೀಲಿ ತರಿಸಿ ಹಾಕ್ಕೊಳ್ತಾರೆ. ಕನ್ನಡ ಯಾಕಿಲ್ಲ ಅಂದ್ರೆ, 'ನೋಡದೇ ಟೈಪ್ ಮಾಡ್ತೀವಲ್ಲ ಗುರೂ' ಅಂತಾರೆ. ಹಾಗಾದ್ರೆ ಜಪಾನಿ ಯಾಕೆ ಸ್ವಾಮೀ?

ಕೆ.ಪಿ. ರಾವ್ ಕನ್ನಡವನ್ನೆಲ್ಲ ಇಂಗ್ಲಿಷಿನ 26 ಕೀಲಿಗಳಲ್ಲೇ ಕೂರಿಸಿದ್ರು. ಒತ್ತಕ್ಷರಕ್ಕೆ 'ಎಫ್' ಒತ್ಬೇಕು ಅಂತ ಮಾಮೂಲಿ ಕೀಬೋರ್ಡಿನ ಮೇಲೆ ಬರೆದಿರಲ್ಲ. ನಮ್ಮ ದೊಡ್ಡಬಳ್ಳಾಪುರದ ಡಿಟಿಪಿ ಅಂಗಡಿಗೆ ಹೊಸದಾಗಿ ಸೇರಿದ ಹುಡುಗಿ ಮಾನಿಟರಿಗೆ ಅಂಟಿಸಿದ ಚೀಟಿ ನೋಡಿ ಕಲೀಬೇಕು.

ಹಳೇ ಸ್ಪ್ರಿಂಗಿಗೆ ಮರುಜನ್ಮ ಆಮೇಲೆ ಕೊಡಿ. ಮೊದಲು ಒಂದು ಸೆಟ್ ಕನ್ನಡ ಕೀಲಿ ಮಾಡ್ಸೋಣ, ನಾನೂ ದುಡ್ಡು ಹಾಕ್ತೀನಿ. ಯಾರ್ಯಾರು ಬರ್ತೀರಾ?