ಕೇಸ್ ಶೀಟಿನ ಹಳೆಯ ಕೋಡ್ ತೆಗೆಯಿರಿ

ರಾಜ್ಯದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯರೇ,

ನನ್ನ ಮಗ ಟ್ರಾನ್ಸ್‌ಜೆಂಡರ್. ಹುಟ್ಟಿದಾಗ ಹೆಣ್ಣೆಂದು ಬರೆಸಿದ್ದೆವು. ಈಗ ಗಂಡಾಗಿ ಬದುಕುತ್ತಿದ್ದಾನೆ. ಹಾರ್ಮೋನ್ ಚಿಕಿತ್ಸೆಗೆ ಮುನ್ನ ಮನೋವೈದ್ಯರ ಪತ್ರ ಬೇಕೆಂದರು, ತಂದುಕೊಟ್ಟೆವು. ಅದರಲ್ಲಿ ಕಾಯಿಲೆಯ ಜಾಗದಲ್ಲಿ ‘ಎಫ್ 64.0’ ಎಂದಿತ್ತು. ಆಮೇಲೆ ಒಂದು ಖಾಸಗಿ ಕಂಪನಿಯ ಕೆಲಸಕ್ಕೆ ವೈದ್ಯಕೀಯ ತಪಾಸಣೆ ನಡೆದಾಗ ಅದೇ ಪತ್ರ ನೋಡಿ, “ಮಾನಸಿಕ ಕಾಯಿಲೆ ವಾಸಿಯಾಗಿದೆ ಅಂತ ಬರೆಸಿಕೊಂಡು ಬನ್ನಿ” ಎಂದರು. ಇಲ್ಲದ ಕಾಯಿಲೆ ವಾಸಿಯಾಯಿತೆಂದು ಯಾವ ಡಾಕ್ಟರು ಬರೆದುಕೊಟ್ಟಾರು?

ಎಫ್ ಅಕ್ಷರದ ಕೋಡುಗಳು ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹತ್ತನೆಯ ಆವೃತ್ತಿಯಲ್ಲಿ ಮಾನಸಿಕ ಕಾಯಿಲೆಗಳ ಅಧ್ಯಾಯಕ್ಕೆ ಸೇರಿದವು. ಹನ್ನೊಂದನೆಯ ಆವೃತ್ತಿಯನ್ನು 2019ರ ಮೇ ತಿಂಗಳಲ್ಲಿ ಅಂಗೀಕರಿಸಲಾಯಿತು. 2022ರ ಜನವರಿ 1ರಿಂದ ಅದು ಜಾರಿಗೆ ಬಂತು. ಲಿಂಗ ಗುರುತಿನ ವಿಷಯವನ್ನು ಅಲ್ಲಿ ಮಾನಸಿಕ ಕಾಯಿಲೆಗಳಿಂದ ಹೊರತೆಗೆದು, ಲೈಂಗಿಕ ಆರೋಗ್ಯದ ಅಧ್ಯಾಯದಲ್ಲಿ ‘ಎಚ್‌ಎ 60’ ಎಂಬ ಕೋಡಿನಡಿ ಇಟ್ಟಿದ್ದಾರೆ.

ಪೂರ್ತಿ ಏಕೆ ಕೈಬಿಡಲಿಲ್ಲ ಎಂದು ಕೇಳುವವರಿದ್ದಾರೆ. ಪಟ್ಟಿಯಲ್ಲೇ ಇಲ್ಲದ್ದಕ್ಕೆ ಸರ್ಕಾರ ಚಿಕಿತ್ಸೆ ಕೊಡುವುದಿಲ್ಲ, ವಿಮೆಯವರು ಹಣ ಕೊಡುವುದಿಲ್ಲ ಎಂಬ ಆತಂಕ ವೈದ್ಯರಲ್ಲಷ್ಟೇ ಅಲ್ಲ, ಟ್ರಾನ್ಸ್‌ಜೆಂಡರ್ ಸಮುದಾಯದೊಳಗೂ ಇತ್ತು. ಚಿಕಿತ್ಸೆಯ ದಾರಿ ಉಳಿಯಲಿ, ಮನೋರೋಗಿಯೆಂಬ ಹಣೆಪಟ್ಟಿ ಹೋಗಲಿ ಎಂಬುದು ಈ ಏರ್ಪಾಟಿನ ಉದ್ದೇಶ. ಅರ್ಜೆಂಟೀನಾ 2012ರಲ್ಲೇ ಇನ್ನೂ ಮುಂದೆ ಹೋಗಿ, ರೋಗನಿರ್ಣಯವನ್ನೇ ಕೇಳದೆ ದಾಖಲೆ ಬದಲಿಸುವ, ಚಿಕಿತ್ಸೆ ಕೊಡುವ ಕಾನೂನು ಮಾಡಿತು. ಅಮೆರಿಕದ ಮನೋವೈದ್ಯರ ಸಂಘ ಮಾತ್ರ 2013ರಲ್ಲಿ ನಡುದಾರಿ ಹಿಡಿಯಿತು: ಗುರುತು ಕಾಯಿಲೆಯಲ್ಲ, ಅದರಿಂದ ಹುಟ್ಟುವ ಯಾತನೆಗೆ ಚಿಕಿತ್ಸೆ ಬೇಕು ಎಂದಿತು. ಆದರೂ ಮನೋರೋಗಗಳ ತನ್ನ ಕೈಪಿಡಿಯಿಂದ ಆ ಯಾತನೆಯನ್ನು ಹೊರಗಿಡಲಿಲ್ಲ.

ಯಾತನೆ ಇರುವುದು ನಿಜ. ನನ್ನ ಮಗನೂ ನಿದ್ದೆಯಿಲ್ಲದೆ ತಿಂಗಳುಗಟ್ಟಲೆ ನರಳಿದ. ಆಪ್ತಸಮಾಲೋಚನೆಯಿಂದ ಉಪಕಾರವಾಯಿತು, ಆ ವೈದ್ಯರಿಗೆ ನಾನು ಋಣಿ. ಆದರೆ ಅವರು ಚಿಕಿತ್ಸೆ ಕೊಟ್ಟದ್ದು ಖಿನ್ನತೆಗೆ, ಅವನ ಗಂಡುತನಕ್ಕಲ್ಲ. ನೆಂಟರ ಚುಚ್ಚುಮಾತು, ಬಾಡಿಗೆ ಮನೆ ಸಿಗದ ಅವಮಾನ ಇವೆಲ್ಲ ಸೇರಿ ತಂದ ಖಿನ್ನತೆಯನ್ನು ಖಿನ್ನತೆಯೆಂದೇ ಬರೆಯಲಿ.

ಹೊಸ ವರ್ಗೀಕರಣಕ್ಕೆ ಕಾನೂನಿನ ಬೆಂಬಲವೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 3ನೇ ಸೆಕ್ಷನ್, ಮಾನಸಿಕ ಕಾಯಿಲೆಯನ್ನು ನಿರ್ಧರಿಸುವ ಮಾನದಂಡಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಇತ್ತೀಚಿನ ಆವೃತ್ತಿಯನ್ನು ಹೆಸರಿಸಿಯೇ ಹೇಳಿದೆ. ನಮ್ಮ ರಾಜ್ಯವಂತೂ 2021ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ನೌಕರಿಯಲ್ಲಿ ಶೇ 1ರಷ್ಟು ಮೀಸಲಾತಿ ಕೊಟ್ಟಿತು. ಒಂದು ಇಲಾಖೆ ನೌಕರಿಗೆ ಬಾ ಎಂದು ಕರೆಯುವಾಗ, ಇನ್ನೊಂದು ಇಲಾಖೆಯ ಆಸ್ಪತ್ರೆಯ ಚೀಟಿ ಅದೇ ಅಭ್ಯರ್ಥಿಯನ್ನು ಮನೋರೋಗಿ ಎಂದರೆ ಆ ಮೀಸಲಾತಿಯಿಂದ ಬಂದ ಭಾಗ್ಯವೇನು?

ಆದ್ದರಿಂದ ನಮ್ಮ ಕೋರಿಕೆಗಳು:

1. ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳು ಲಿಂಗ ಗುರುತಿಗೆ ಎಫ್ 64 ಕೋಡ್ ಬಳಸುವುದನ್ನು ನಿಲ್ಲಿಸಿ, ಹೊಸ ಆವೃತ್ತಿಯಂತೆ ಬರೆಯಲಿ.

2. ಈಗಾಗಲೇ ಹಳೆಯ ಕೋಡ್ ಹಾಕಿಸಿಕೊಂಡವರು ಕೇಳಿದರೆ, ಶುಲ್ಕವಿಲ್ಲದೆ ತಿದ್ದಿದ ಪತ್ರ ಕೊಡಲಿ.

3. ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಕೊಟ್ಟಿರುವ ಗೋಪ್ಯತೆಯ ಹಕ್ಕನ್ನು ಪಾಲಿಸಲಿ. ಮನೋವೈದ್ಯರ ಪತ್ರ ಕೇಳಲು ಉದ್ಯೋಗದಾತರಿಗೆ ಅವಕಾಶ ಬೇಡ.

4. ಜಿಲ್ಲಾ ಆಸ್ಪತ್ರೆಗಳ ವೈದ್ಯರಿಗೂ ದಾಖಲೆ ವಿಭಾಗದ ಸಿಬ್ಬಂದಿಗೂ ತರಬೇತಿ ಕೊಡಿಸಿ. ಅದರಲ್ಲಿ ಸಮುದಾಯದವರೂ ಪಾಠ ಹೇಳಲಿ.

ಮೊದಲ ಎರಡಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಇಲಾಖೆಯ ಸುತ್ತೋಲೆ ಸಾಕು. ಅದನ್ನು ಯಾವಾಗ ಹೊರಡಿಸುತ್ತೀರಿ ಎಂಬುದಕ್ಕೆ ತಾವೂ ಬಹಿರಂಗವಾಗಿಯೇ ಉತ್ತರಿಸಬೇಕೆಂದು ವಿನಂತಿ.

ಇಂತಿ,
ಒಬ್ಬ ತಾಯಿ
ದಾವಣಗೆರೆ