ಮಗ ಪಟ್ಟಿ ಹಿಡಿದು ಬಂದಾಗ

ಕುಷ್ಟಗಿಯಿಂದ ಒಬ್ಬ ಗೃಹಿಣಿ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಪಿಯುಸಿಯಲ್ಲಿ ಒಳ್ಳೆ ಮಾರ್ಕ್ಸ್ ತೆಗೆದರೆ ಕಂಪ್ಯೂಟರ್ ಕೊಡಿಸ್ತೀವಿ ಅಂತ ಮಗನಿಗೆ ಅಪ್ಪ ಮಾತು ಕೊಟ್ಟಿದ್ದರಂತೆ. ಮಗ ಮಾರ್ಕ್ಸ್ ತೆಗೆದ. ಆಮೇಲೆ ಒಂದು ಪಟ್ಟಿ ತಂದು ಕೈಗಿಟ್ಟ. ಹನ್ನೊಂದು ಸಾಲು, ಎಲ್ಲವೂ ಅಂಕಿ ಅಕ್ಷರಗಳ ಕಿಚಡಿ, ಕೆಳಗೆ ಮೊತ್ತ 2 ಲಕ್ಷ 84 ಸಾವಿರ! "ಇದು ಗೇಮ್ ಆಡೋ ಕಂಪ್ಯೂಟರ್ ಅಂತ್ರೀ. ಅವರಪ್ಪ 'ನಿನಗ ತಿಳಿದಂಗ ಮಾಡು' ಅಂತ ನನ್ನ ಮ್ಯಾಲೆ ಹಾಕ್ಯಾರ. ಚೀಟಿ ದುಡ್ಡು, ಗೃಹಲಕ್ಷ್ಮಿ ದುಡ್ಡು ಕೂಡಿಸಿ ಮಗಳ ಬಳೆಗಂತ ಇಟ್ಟೀನಿ. ಕೊಡಿಸಲೋ, ಬ್ಯಾಡ ಅನ್ನಲೋ?" ಇದು ಅವರ ಪ್ರಶ್ನೆ.

ಪಟ್ಟಿಯ ನಕಲನ್ನೂ ಕಳಿಸಿದ್ದಾರೆ. ಅದು ಒಳ್ಳೆಯದಾಯಿತು. ಯಾಕೆಂದರೆ ಹೌದು-ಅಲ್ಲ ಅನ್ನುವ ಮೊದಲು ಪಟ್ಟಿ ಓದಬೇಕು ಅನ್ನುವುದೇ ನನ್ನ ಅಭಿಪ್ರಾಯ. ಅಯ್ಯೋ, ನಮಗೆಲ್ಲಿ ಅದೆಲ್ಲ ತಿಳಿಯುತ್ತೆ ಅಂತೀರಾ? ಮದುವೆ ಮನೆಯ ಸಾಮಾನಿನ ಚೀಟಿ ಓದಿ ಎಲ್ಲಿ ಹೆಚ್ಚು ಬರೆದಿದ್ದಾರೆ, ಎಲ್ಲಿ ಕಡಿಮೆ ಬಿದ್ದಿದೆ ಅಂತ ಹೇಳುವವರು ನಾವು. ಇದೂ ಅಂಥದ್ದೇ ಒಂದು ಚೀಟಿ.

ನಾನು ಓದದೆ ಕೆಟ್ಟವಳು, ಅದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಗಂಗಾವತಿ ಮನೆಯಲ್ಲೂ ಮೂರು ವರ್ಷದ ಹಿಂದೆ ಇಂಥದೇ ಪಟ್ಟಿ ಬಂದಿತ್ತು, 1 ಲಕ್ಷ 30 ಸಾವಿರದ್ದು. ನಾನು ಓದಲಿಲ್ಲ, ಚೌಕಾಸಿ ಮಾಡಿದೆ. ಅದರಲ್ಲಿ ಎಸ್‌ಎಂಪಿಎಸ್ ಅಂತ ಒಂದು ಸಾಲು, 8,500 ರೂಪಾಯಿ. ಏನಿದು ಅಂದರೆ ಕರೆಂಟ್ ಕೊಡೋ ಡಬ್ಬಿ ಅಂದ. ಕರೆಂಟ್ ಡಬ್ಬಿಗೆ ಎಂಟೂವರೆ ಸಾವಿರವೇ? ಅಂಗಡಿಯವರನ್ನು ಕೇಳಿದರೆ 1,800ಕ್ಕೂ ಇದೆ ಅಂದರು. ಅದನ್ನೇ ಹಾಕಿಸಿದೆ. ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ ಅಂತ ಯುಪಿಎಸ್ ಸಾಲನ್ನು ಪೂರ್ತಿ ಹೊಡೆದು ಹಾಕಿದೆ. ಬಣ್ಣಬಣ್ಣದ ದೀಪ ಉರಿಯುವ ಗಾಜಿನ ಪೆಟ್ಟಿಗೆಗೆ ಮಾತ್ರ ಬೇಡ ಅನ್ನಲಿಲ್ಲ. ನೆಂಟರು ಬಂದಾಗ ಹಾಲಿನಲ್ಲಿ ಚೆಂದ ಕಾಣುತ್ತೆ ಅಂತ!

ಮೇ ತಿಂಗಳ ಒಂದು ಮಧ್ಯಾಹ್ನ ಕರೆಂಟ್ ಹೋಗಿ ಬಂತು. ಟಪ್ ಅಂತ ಸದ್ದು, ಸುಟ್ಟ ವಾಸನೆ. ಡಬ್ಬಿ ತಾನು ಹೋಗುವಾಗ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಗಿತ್ತು. ಉಳಿಸಿದ್ದು 6,700, ಕಳೆದದ್ದು ಅದರ ಮೂರು ಪಟ್ಟು. ಮಗ ಕೂಗಾಡಿದ್ದರೆ ಚೆನ್ನಾಗಿತ್ತು. ಅಡುಗೆಮನೆ ಬಾಗಿಲಿಗೆ ಬಂದು "ನಾ ಹೇಳಿದ್ನೆಲ್ಲವ್ವಾ" ಅಂದವನು ಒಂದು ವಾರ ನನ್ನ ಜತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ನಾನೇ ಅವನ ಪಕ್ಕ ಕೂತು ಒಂದೊಂದೇ ಸಾಲು ಏನು ಅಂತ ಕೇಳಿದೆ. ಅವನಿಗೆ ಹೇಳಿಕೊಡುವ ಹುರುಪು ಎಷ್ಟಿತ್ತೆಂದರೆ, ಇಷ್ಟು ವರ್ಷ ಯಾಕೆ ಕೇಳಿರಲಿಲ್ಲ ಅನ್ನಿಸಿತು.

ಈಗ ಕುಷ್ಟಗಿಯವರ ಪಟ್ಟಿಗೆ ಬರೋಣ. ಮೊದಲ ಸಾಲು ಗ್ರಾಫಿಕ್ಸ್ ಕಾರ್ಡ್, ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 5080. ಆಟದ ಚಿತ್ರ ಬಿಡಿಸುವುದು ಇದೇ. ಇಂಥ ಕಂಪ್ಯೂಟರಿನಲ್ಲಿ ಅರ್ಧದಷ್ಟು ದುಡ್ಡು ತಿನ್ನುವುದೂ ಇದೇ. 2025ರ ಜನವರಿಯಲ್ಲಿ ಕಂಪನಿ ಘೋಷಿಸಿದಾಗ ನಮ್ಮ ದೇಶದಲ್ಲಿ 5080ಕ್ಕೆ 1,07,000 ರೂಪಾಯಿ, ಅದರ ತಮ್ಮ 5070ಕ್ಕೆ 59,000, ಎಲ್ಲರಿಗಿಂತ ದೊಡ್ಡಣ್ಣ 5090ಕ್ಕೆ 2,14,000. ಅಂಗಡಿಯಲ್ಲಿ ಹೆಚ್ಚು ಕಡಿಮೆ ಇರುತ್ತೆ, ಆ ಮಾತು ಬೇರೆ.

ಪಟ್ಟಿಯ ಕೊನೆ ಸಾಲು ನೋಡಿ: "ಮಾನಿಟರ್ – ಮನೆಯಲ್ಲಿರುವ ಹಳೆಯದೇ ಸಾಕು." ಅಲ್ಲಿ ನನಗೆ ನಗು ಬಂತು. ಆಫೀಸಿನ ಹಳೆ ಮಾನಿಟರ್ ಸೆಕೆಂಡಿಗೆ 60 ಚಿತ್ರ ಮಾತ್ರ ತೋರಿಸುತ್ತೆ. ಕಾರ್ಡ್ ಇನ್ನೂರು ಚಿತ್ರ ಬಿಡಿಸಿ ಕೊಟ್ಟರೂ ಕಣ್ಣಿಗೆ ಬೀಳುವುದು ಅರವತ್ತೇ. ಕೊಡ ತುಂಬಿದ ಮೇಲೂ ನಳ ಬಿಟ್ಟಂಗ! ಹುಡುಗರು ಈ ತಪ್ಪು ಬೇಕಂತ ಮಾಡುವುದಿಲ್ಲ. ಸ್ನೇಹಿತರ ಮುಂದೆ ಹೇಳಿಕೊಳ್ಳೋದು ಕಾರ್ಡಿನ ನಂಬರು ತಾನೇ, ಮಾನಿಟರಿನ ನಂಬರು ಯಾರು ಕೇಳ್ತಾರೆ?

ಹಾಗಾಗಿ ಮೊದಲು ಕೇಳಬೇಕಾದದ್ದು "ಎಷ್ಟು?" ಅಂತಲ್ಲ, "ಯಾವ ಆಟ, ಯಾವ ಪರದೆ?" ಅಂತ. ಅವರ ಮಗ ಹೆಚ್ಚಾಗಿ ಆಡುವುದು ವ್ಯಾಲೊರಂಟ್ ಅಂತೆ. ಅದು ಸಾಧಾರಣ ಕಾರ್ಡಿನಲ್ಲೂ ಸಲೀಸಾಗಿ ಓಡುವ ಆಟ. ಮುಂದೆ ದೊಡ್ಡ ಆಟಗಳನ್ನೂ ಆಡುವ ಆಸೆ ಇದ್ದರೆ 27 ಇಂಚಿನ 1440ಪಿ ಮಾನಿಟರಿಗೆ 5070 ಸರಿಯಾದ ಜೋಡಿ. 5080 ಕೈಬಿಟ್ಟು 5070ಕ್ಕೆ ಇಳಿದರೆ, ಘೋಷಿಸಿದ ಬೆಲೆಯಲ್ಲೇ ಲೆಕ್ಕ ಹಾಕಿದರೂ 48 ಸಾವಿರ ಉಳಿಯಿತು. ಆ ದುಡ್ಡಿನಲ್ಲಿ ಒಳ್ಳೆ ಮಾನಿಟರ್ ಬರುತ್ತೆ, ನಾನು ಹೊಡೆದು ಹಾಕಿ ಪಶ್ಚಾತ್ತಾಪಪಟ್ಟ ಸಾಲುಗಳೂ ಬರುತ್ತವೆ.

ಎರಡನೇದು ಪ್ರೊಸೆಸರ್ ಮತ್ತು ಮದರ್‌ಬೋರ್ಡ್. ಕುಷ್ಟಗಿಯವರಿಗೆ ಇಳಕಲ್ ಸೀರೆ ಗೊತ್ತಿಲ್ಲವೇ? ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಇದೂ ಹಾಗೆಯೇ. ಪ್ರೊಸೆಸರ್ ಕೂರುವ ಸಾಕೆಟ್ ಮದರ್‌ಬೋರ್ಡಿಗೆ ಹೊಂದದಿದ್ದರೆ ಎರಡೂ ಶೋಕೇಸಿಗೆ. ಪಟ್ಟಿಯಲ್ಲಿರುವುದು ಎಎಂಡಿ ಕಂಪನಿಯ ರೈಜೆನ್ 7 9800ಎಕ್ಸ್3ಡಿ. ಆಟಕ್ಕೆ ಬಹಳ ಒಳ್ಳೇದು, ಸುಳ್ಳಲ್ಲ. ಆದರೆ ಈಗಲೇ ಬೇಕಾ? ಅದರ ಸಾಕೆಟ್ ಎಎಂ5, 2022ರಲ್ಲಿ ಬಂದದ್ದು. 2027ರವರೆಗಾದರೂ ಇದಕ್ಕೆ ಹೊಂದುವ ಪ್ರೊಸೆಸರ್ ಕೊಡುತ್ತೇವೆ ಅಂತ ಕಂಪನಿ ಹೇಳಿದೆ. ಅಂದರೆ ಒಳಗೆ ಹೊಲಿಗೆ ಬಿಟ್ಟು ಹೊಲಿಸಿದ ಜಂಪರ್ ಇದ್ದಂಗೆ. ಈಗ ರೈಜೆನ್ 5 9600ಎಕ್ಸ್ ಹಾಕಿಕೊಂಡು, ಅವನು ದುಡಿಯಲು ಶುರು ಮಾಡಿದ ಮೇಲೆ ತನ್ನ ಸಂಬಳದಲ್ಲಿ ದೊಡ್ಡದು ಹಾಕಿಕೊಳ್ಳಲಿ. ಇಂಟೆಲ್ ಕಂಪನಿಯ 13, 14ನೇ ತಲೆಮಾರಿನ ದೊಡ್ಡ ಪ್ರೊಸೆಸರುಗಳನ್ನು ಯಾರಾದರೂ ಸೆಕೆಂಡ್‌ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಕೊಡ್ತೀವಿ ಅಂದರೆ ಹುಷಾರು. ಹೆಚ್ಚಿನ ವೋಲ್ಟೇಜಿನಿಂದ ಕೆಲವು ಕೆಡುತ್ತಿವೆ ಅಂತ 2024ರಲ್ಲಿ ಕಂಪನಿಯೇ ಒಪ್ಪಿಕೊಂಡು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತ್ತು.

ಮೆಮೊರಿ, ಅಂದರೆ ರ್‍ಯಾಮ್, 64 ಜಿಬಿ ಬರೆದಿದ್ದಾನೆ. ಇದು ಈಗ ಉಳ್ಳಾಗಡ್ಡಿ ಕಥೆ. 2025ರ ಕೊನೆಯ ತಿಂಗಳುಗಳಲ್ಲಿ ಇದರ ಬೆಲೆ ಎರಡು ಪಟ್ಟು, ಕೆಲವು ಕಡೆ ಮೂರು ಪಟ್ಟು ಏರಿತು. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಡೇಟಾ ಸೆಂಟರುಗಳಿಗೇ ಕಂಪನಿಗಳು ಮಾಲು ಕೊಡತೊಡಗಿ ನಮ್ಮಂಥವರಿಗೆ ಸಿಗುವುದು ಕಡಿಮೆಯಾಯಿತು. ಮೈಕ್ರಾನ್ ಕಂಪನಿಯಂತೂ ಮನೆ ಗಿರಾಕಿಗಳಿಗೆ ಮಾರುತ್ತಿದ್ದ ಕ್ರೂಶಿಯಲ್ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಆ ವರ್ಷದ ಡಿಸೆಂಬರಿನಲ್ಲಿ ಹೇಳಿತು. ಆಟಕ್ಕೆ 32 ಜಿಬಿ ಧಾರಾಳವಾಯಿತು. ಅದೂ 16ರ ಎರಡು ಕಡ್ಡಿ ಇರಲಿ. ಒಂದೇ ಕಡ್ಡಿ ಹಾಕಿದರೆ ಅರ್ಧ ದಾರಿ ಮುಚ್ಚಿದಂತೆ, ವೇಗ ಕಡಿಮೆ. ಫೈಲ್ ಇಡುವ ಎಸ್‌ಎಸ್‌ಡಿ 1 ಟಿಬಿ ಸಾಕು, ಬೇಕಾದರೆ ಮುಂದೆ ಸೇರಿಸಬಹುದು.

ಇನ್ನು ನನ್ನ ಕಣ್ಣು ಉರಿಸಿದ ಸಾಲು. "ಎಸ್‌ಎಂಪಿಎಸ್ 850 ವ್ಯಾಟ್, ಲೋಕಲ್, 2,500." ಅದೇ ತಪ್ಪು! 5080ಕ್ಕೆ ಕಂಪನಿ 850 ವ್ಯಾಟ್ ಕೇಳುತ್ತೆ, 5070ಕ್ಕೆ 650 ಸಾಕು ಅನ್ನುತ್ತೆ. ಆದರೆ ಡಬ್ಬಿ ಮೇಲೆ ಬರೆದ ಅಂಕಿಯೇ ಬೇರೆ, ಒಳಗಿನ ತಾಕತ್ತೇ ಬೇರೆ. ಹೆಸರಿರುವ ಕಂಪನಿಯದು, 80 ಪ್ಲಸ್ ಗೋಲ್ಡ್ ಅಂತ ಗುರುತಿರುವುದು, ಐದು ವರ್ಷಕ್ಕಿಂತ ಹೆಚ್ಚು ವಾರಂಟಿ ಇರುವುದು ತೆಗೆದುಕೊಳ್ಳಿ. ಗೋಲ್ಡ್ ಅಂದರೆ ಗೋಡೆಯಿಂದ ತೆಗೆದುಕೊಂಡ ಕರೆಂಟಿನಲ್ಲಿ ನೂರಕ್ಕೆ ಸುಮಾರು 90 ಪಾಲು ಕಂಪ್ಯೂಟರಿಗೆ ತಲುಪುತ್ತೆ, ಉಳಿದದ್ದು ಬಿಸಿಯಾಗಿ ಹೋಗುತ್ತೆ. ಬೆಂಗಳೂರಿನ ಹುಡುಗರು ವಿಡಿಯೋದಲ್ಲಿ ಹೇಳುವ ಪಟ್ಟಿ ಬೆಂಗಳೂರಿನ ಹವೆಗೆ, ಅಲ್ಲಿನ ಕರೆಂಟಿಗೆ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತೆ, ಕರೆಂಟ್ ಯಾವಾಗ ಹೋಗುತ್ತೆ ಬರುತ್ತೆ ಅಂತ ದೇವರಿಗೇ ಗೊತ್ತು.

ಮನೆಯ ಇನ್ವರ್ಟರ್ ಸಾಲುವುದಿಲ್ಲವೇ ಅಂತ ಎಲ್ಲರೂ ಕೇಳ್ತಾರೆ. ಫ್ಯಾನು, ದೀಪಕ್ಕೆ ಸರಿ. ಅದು ಬದಲಾಗುವ ಕ್ಷಣದಲ್ಲಿ ಫ್ಯಾನು ತಡೆದುಕೊಳ್ಳುತ್ತೆ, ಕಂಪ್ಯೂಟರ್ ಆಫ್ ಆಗಬಹುದು. ಬೇರೆ ಯುಪಿಎಸ್ ತೆಗೆದುಕೊಳ್ಳಿ, ಶುದ್ಧ ಸೈನ್ ವೇವ್ ಇರುವುದನ್ನು ಕೇಳಿ. ಅಂಗಡಿಯವರು ವಿಎ ಲೆಕ್ಕ ಹೇಳ್ತಾರೆ, ನೀವು ವ್ಯಾಟ್ ಕೇಳಿ. 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್ ಅಷ್ಟೇ. 5070ರ ಕಂಪ್ಯೂಟರ್, ಮಾನಿಟರ್ ಸೇರಿ ಆಟದ ಹೊತ್ತಿನಲ್ಲಿ 400ರ ಸುತ್ತ ಎಳೆಯುತ್ತೆ. 1000 ವಿಎ, 600 ವ್ಯಾಟಿನದು ಬೇಕು. ಹತ್ತು ನಿಮಿಷ ನಿಂತರೆ ಸಾಕು, ಸರಿಯಾಗಿ ಬಂದ್ ಮಾಡಲಿಕ್ಕೆ. ಜತೆಗೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಇದೆಯಾ ನೋಡಿಸಿ. ಹಳೆ ಮನೆಗಳಲ್ಲಿ ಮೂರು ತೂತಿನ ಪ್ಲಗ್ ಇರುತ್ತೆ, ಮೂರನೇ ತೂತಿನ ಹಿಂದೆ ಏನೂ ಇರುವುದಿಲ್ಲ!

ಗಾಜಿನ ಪೆಟ್ಟಿಗೆ ನನಗೀಗ ಬೇಡ. ಮುಂದೆ ಜಾಲರಿ ಇರುವ, ತೆಗೆದು ತೊಳೆಯಲು ಬರುವ ಧೂಳಿನ ಫಿಲ್ಟರ್ ಇರುವ ಪೆಟ್ಟಿಗೆ ನೋಡಿ. ಗಂಗಾವತಿಯಲ್ಲಿ ಅಕ್ಕಿ ಗಿರಣಿಯ ಹೊಟ್ಟು, ಕೊಪ್ಪಳದಲ್ಲಿ ಗಿಣಿಗೇರಾ ಕಡೆಯ ಫ್ಯಾಕ್ಟರಿಗಳ ಕಪ್ಪು ಧೂಳು. ಬೆಳಿಗ್ಗೆ ಒರೆಸಿದ ಕಿಟಕಿ ಸಂಜೆಗೆ ಹೇಗಿರುತ್ತೆ ಅಂತ ನಮಗಿಂತ ಯಾರಿಗೆ ಗೊತ್ತು? ನೀರು ತುಂಬಿದ ಲಿಕ್ವಿಡ್ ಕೂಲರ್ ಪಟ್ಟಿಯಲ್ಲಿದೆ, ಈ ಪ್ರೊಸೆಸರಿಗೆ ಒಳ್ಳೆ ಗಾಳಿಯ ಕೂಲರೇ ಸಾಕು. ಅದರಲ್ಲಿ ಕೆಡುವುದು ಒಂದು ಫ್ಯಾನು ಮಾತ್ರ, ನಾವೇ ಬದಲಿಸಬಹುದು. ಯಲಬುರ್ಗಾದಲ್ಲಿ ನನ್ನ ನಾದಿನಿ ಕಂಪ್ಯೂಟರನ್ನು ಧೂಳಾಗಬಾರದು ಅಂತ ಗೋಡೆಯ ಗೂಡಿನಲ್ಲಿಟ್ಟು ಮುಂದೆ ಪರದೆ ಬಿಟ್ಟಿದ್ದಳು. ದೇವರ ಕೋಣೆ ಥರ! ಬಿಸಿ ಗಾಳಿ ಹೊರಗೆ ಹೋಗದೆ, ಆಟ ಅರ್ಧ ಗಂಟೆಗೇ ನಿಧಾನವಾಗುತ್ತಿತ್ತು. ಚಿಪ್ ಅತಿ ಬಿಸಿಯಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತೆ. ಪರದೆ ತೆಗೆಸಿದ ಮೇಲೆ ಸರಿಯಾಯಿತು.

ಎಲ್ಲಿ ಇಡುವುದು ಅನ್ನುವುದು ಪಟ್ಟಿಯಲ್ಲಿ ಇರುವುದೇ ಇಲ್ಲ. ಬಾಗಿಲು ಹಾಕಿಕೊಳ್ಳುವ ಕೋಣೆ ಬೇಡ, ಹಾಲಿನಲ್ಲಿರಲಿ. ಗಾಳಿಯೂ ಆಡುತ್ತೆ, ನಿಮ್ಮ ಕಣ್ಣೂ ಇರುತ್ತೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿತು, ಈ-ಸ್ಪೋರ್ಟ್ಸ್‌ಗೆ ಮಾತ್ರ ಅಡ್ಡಿಯಿಲ್ಲ. ಹುಡುಗ ಊಟ, ನಿದ್ದೆ, ಕಾಲೇಜು ಬಿಟ್ಟು ಕೂತರೆ ಅದು ಬೇರೆಯೇ ಸಂಗತಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ 'ಶಟ್' ಕ್ಲಿನಿಕ್ ಇದೆ.

ಇನ್ನೊಂದು ಲೆಕ್ಕ, ಹುಡುಗರು ಎಂದೂ ಹಾಕದ್ದು. 5080ರ ಕಂಪ್ಯೂಟರ್ ದಿನಕ್ಕೆ ನಾಲ್ಕು ಗಂಟೆ ಓಡಿದರೆ ತಿಂಗಳಿಗೆ 65 ಯೂನಿಟ್ ಆಸುಪಾಸು. 5070ರದ್ದು 50ರ ಹತ್ತಿರ. ನಮ್ಮ ಗೃಹಜ್ಯೋತಿಯಲ್ಲಿ 2022-23ರ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ ಉಚಿತ ಮಿತಿ ಇಟ್ಟಿದ್ದಾರೆ. ಅದು ಮೀರಿದರೆ ಹೆಚ್ಚಾದದ್ದಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಈಗ ನಿಮ್ಮನೆಯಲ್ಲಿ 145 ಯೂನಿಟ್ ಬರುತ್ತಿದ್ದರೆ, ಒಂದು ಕಾರ್ಡಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸವೇ ಸಾವಿರ ರೂಪಾಯಿ ದಾಟಬಹುದು. ಜೆಸ್ಕಾಂ ಬಿಲ್ಲು ಮುಂದಿಟ್ಟುಕೊಂಡು ಮಗನಿಂದಲೇ ಲೆಕ್ಕ ಮಾಡಿಸಿ.

ಬಳೆ ದುಡ್ಡಿನ ಮಾತು. ಅದನ್ನು ಮುಟ್ಟಬೇಡಿ ತಾಯಿ. ಮಾತು ಕೊಟ್ಟವರು ಅವರಪ್ಪ, ಅವರೇ ಕೊಡಲಿ. ಇಷ್ಟೆಲ್ಲ ತಿದ್ದಿದ ಮೇಲೆ ಪಟ್ಟಿ ಎಷ್ಟಕ್ಕೆ ಇಳಿಯುತ್ತೆ ನೋಡಿ, ಅದಕ್ಕೂ ಆಗದಿದ್ದರೆ ಕಾರ್ಡನ್ನು ಇನ್ನೊಂದು ಮೆಟ್ಟಿಲು ಇಳಿಸಿ. ಎಸ್‌ಎಂಪಿಎಸ್, ಯುಪಿಎಸ್ ಮಾತ್ರ ಇಳಿಸಬೇಡಿ. ಅಂದಹಾಗೆ, ಮಗಳಿಗೆ ಬಳೆ ಬೇಕೋ ಕಂಪ್ಯೂಟರ್ ಬೇಕೋ ಅಂತ ಯಾರಾದರೂ ಕೇಳಿದ್ದೀರಾ? ಈ ಯಂತ್ರದಲ್ಲಿ ವಿಡಿಯೋ ಎಡಿಟಿಂಗ್, ಮನೆಯ ನಕ್ಷೆ, 3ಡಿ ಚಿತ್ರ ಎಲ್ಲ ಆಗುತ್ತೆ. ಪಟ್ಟಿ ಓದುವಾಗ ಅವಳನ್ನೂ ಕೂರಿಸಿಕೊಳ್ಳಿ.

ಕೊಳ್ಳಲು ಹುಬ್ಬಳ್ಳಿಗಾದರೂ ಹೋಗಿ, ಬೆಂಗಳೂರಿನ ಎಸ್‌ಪಿ ರೋಡಿಗಾದರೂ ಹೋಗಿ. 2025ರಿಂದ ಕುಷ್ಟಗಿಗೂ ಹುಬ್ಬಳ್ಳಿ ರೈಲು ಬಂದಿದೆಯಲ್ಲ. ಒಂದೊಂದು ಭಾಗಕ್ಕೂ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ಲು ಕೇಳಿ, ಇಲ್ಲದಿದ್ದರೆ ವಾರಂಟಿಗೆ ಅಲೆದಾಟ. ಡಬ್ಬಿಗಳನ್ನು ಎಸೆಯದೆ ಅಟ್ಟದ ಮೇಲಿಡಿ. ಅಂಗಡಿಯಲ್ಲೇ ಜೋಡಿಸಿ, ಒಂದು ಗಂಟೆ ಆಟ ಓಡಿಸಿ ತೋರಿಸಲಿ. ಕಾರ್ಡಿನ ಕರೆಂಟ್ ವೈರು ಪೂರ್ತಿ ಒಳಗೆ ಕೂತಿದೆಯಾ ಅಂತ ಬಗ್ಗಿ ನೋಡಿ, ಸಡಿಲವಿದ್ದರೆ ಕರಗುತ್ತೆ. ಆಮೇಲೆ ಆ ಕಾರ್ಡನ್ನು ಬಿಚ್ಚಿಸಿ ಅದರ ಡಬ್ಬಿಗೇ ಹಾಕಿಸಿಕೊಳ್ಳಿ. ಭಾರಕ್ಕೆ ದಾರಿಯಲ್ಲಿ ಜೋತುಬಿದ್ದು ಮುರಿಯುವುದುಂಟು. ಬರುವಾಗ ಅದನ್ನು ಲಗೇಜಿಗೆ ಹಾಕದೆ ತೊಡೆ ಮೇಲೆ ಇಟ್ಟುಕೊಂಡು ಬನ್ನಿ.